ಹಳ್ಳದ ದಂಡೆಯ ನೆಂಟರು

ಸಿಡ್ನಿಯಲ್ಲಿ ದಂತವೈದ್ಯರ ಕೋಣೆಯ ಹೊರಗೆ ಸರದಿಗಾಗಿ ಕಾಯುವಾಗ ನಾನು ಹೆಸರು ಕರೆಯುವುದನ್ನು ಕೇಳಿಸಿಕೊಳ್ಳುವುದೇ ಇಲ್ಲ. ನರ್ಸು ಹೊರಗೆ ಬರುತ್ತಾಳೆ, ಕೈಯಲ್ಲಿದ್ದ ಕಾಗದ ನೋಡುತ್ತಾಳೆ, ಬಾಯಿ ತೆರೆಯುತ್ತಾಳೆ, ಮತ್ತೆ ಮುಚ್ಚುತ್ತಾಳೆ. ಆ ಮೌನ ಸ್ವಲ್ಪ ದೀರ್ಘವಾಯಿತೆಂದರೆ ನನ್ನ ಸರದಿ ಬಂತೆಂದು ತಿಳಿದು ನಾನೇ ಎದ್ದು ನಿಲ್ಲುತ್ತೇನೆ. ಈವರೆಗೆ ತಪ್ಪಿಲ್ಲ.

ನನ್ನ ಅಡ್ಡಹೆಸರು ಹಳ್ಳದಮನಿ. ಮೊದಲ ಹೆಸರು ನಿಮಗೆ ಬೇಡ. ಈ ಪ್ರಬಂಧಕ್ಕೆ ಅದರಿಂದ ಏನೂ ಆಗಬೇಕಾದ್ದಿಲ್ಲ. ನವಲಗುಂದದ ಕಡೆ, ಬೆಣ್ಣಿಹಳ್ಳಕ್ಕೆ ಹೋಗಿ ಸೇರುವ ಒಂದು ಸಣ್ಣ ಹಳ್ಳದ ದಂಡೆಯ ಮೇಲೆ ನಮ್ಮ ಮನೆ. ಆದ್ದರಿಂದ ಹಳ್ಳದಮನಿ. ನಮ್ಮ ಕಡೆಯ ಹಿರಿಯರು ಅಡ್ಡಹೆಸರಿನ ವಿಷಯದಲ್ಲಿ ಬಹಳ ತಲೆ ಕೆಡಿಸಿಕೊಂಡವರಲ್ಲ. ಬಾಗಿಲಿಗೆ ಬಂದು ನಿಂತು, ಕಣ್ಣಿಗೆ ಮೊದಲು ಬಿದ್ದದ್ದನ್ನು ಹೆಸರಿಗೆ ಅಂಟಿಸಿಕೊಂಡು, ಒಳಗೆ ಹೋಗಿ ಊಟ ಮಾಡಿದರು. ಬೇವಿನ ಮರ ಕಂಡರೆ ಬೇವಿನಮರದ, ಊರ ಹೆಬ್ಬಾಗಿಲಾದ ಅಗಸಿ ಕಂಡರೆ ಅಗಸಿಮನಿ, ಬಾವಿ ಕಂಡರೆ ಬಾವಿಮನಿ. ಏನೂ ಕಾಣದೆ ಬರೀ ವ್ಯಾಪಾರ ಇದ್ದವರು ಮಾರುವ ಸರಕನ್ನೇ ಇಟ್ಟುಕೊಂಡರು. ನಮ್ಮ ಹೈಸ್ಕೂಲಿನ ಮಾಸ್ತರರು ಹಾಜರಿ ಕರೆಯುವಾಗ ಬೆಲ್ಲದ, ಉಪ್ಪಿನ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂದು ಸಾಲಾಗಿ ಬರುತ್ತಿದ್ದುದನ್ನು ಕೇಳಿದ ದಾರಿಹೋಕರು, ಒಳಗೆ ಯಾರೋ ಕಿರಾಣಿ ಚೀಟಿ ಓದುತ್ತಿದ್ದಾರೆಂದು ತಿಳಿಯಬೇಕು. ಆ ನಾಲ್ವರೂ ಒಂದೇ ದಿನ ಗೈರುಹಾಜರಾದರೆ ತರಗತಿ ಸಪ್ಪೆಯಾಗುತ್ತಿತ್ತು. ಇದು ಅಲಂಕಾರದ ಮಾತಲ್ಲ.

ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಸಿಡ್ನಿಗೆ ಬಂದು ಗ್ರಂಥಾಲಯ ವಿಜ್ಞಾನ ಓದಿ, ಈಗ ಪಶ್ಚಿಮ ಸಿಡ್ನಿಯ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಹ್ಯಾರಿಸ್ ಪಾರ್ಕಿನಲ್ಲಿ ಒಂದು ಪುಟ್ಟ ಬಾಡಿಗೆ ಮನೆ. ಗ್ರಂಥಾಲಯದ ಮಹಡಿಯಲ್ಲಿ ವಂಶಚರಿತ್ರೆಯ ವಿಭಾಗವಿದೆ. ಅಲ್ಲಿನ ಮೇಜು ನನ್ನದು. ನಿವೃತ್ತರಾದ ಬಿಳಿಯ ಅಜ್ಜ ಅಜ್ಜಿಯರು ಕನ್ನಡಕ ಒರೆಸಿಕೊಳ್ಳುತ್ತ ಬಂದು ತಮ್ಮ ಮೂಲ ಹುಡುಕುತ್ತಾರೆ. ಮೂಲ ಎಂದರೆ ಅವರ ಮನಸ್ಸಿನಲ್ಲಿರುವುದು ಒಬ್ಬ ಕೈದಿ. ಇಂಗ್ಲೆಂಡಿನಲ್ಲಿ ಕುರಿಯನ್ನೋ ಕರವಸ್ತ್ರವನ್ನೋ ಕದ್ದು, ಹಡಗು ಹತ್ತಿಸಿಕೊಂಡು ಇಲ್ಲಿಗೆ ಬಂದ ಒಬ್ಬ ಮುತ್ತಜ್ಜ ಸಿಕ್ಕರೆ ಜನ್ಮ ಸಾರ್ಥಕ. ನಮ್ಮಲ್ಲಿ ಅಜ್ಜ ಕಳ್ಳನೆಂದು ಗೊತ್ತಾದರೆ ಮದುವೆ ಮುರಿಯುತ್ತದೆ. ಇಲ್ಲಿ ಅಜ್ಜ ಕಳ್ಳನೆಂದು ಗೊತ್ತಾದರೆ ಮರುದಿನ ಕೇಕು ತರುತ್ತಾರೆ.

ಕೇಕು ತರುವವರಲ್ಲಿ ಇಬ್ಬರನ್ನು ನೀವು ತಿಳಿದಿರಬೇಕು. ಒಬ್ಬರು ಮಿಸ್ಟರ್ ಬ್ರೂಕ್ಸ್. ಜೀವಮಾನವಿಡೀ ನಲ್ಲಿ ರಿಪೇರಿ ಮಾಡಿ ನಿವೃತ್ತರಾದವರು, ಆರಡಿ ಎತ್ತರ, ಚಳಿಗಾಲದಲ್ಲೂ ಚಡ್ಡಿ. ಇನ್ನೊಬ್ಬರು ಮಿಸೆಸ್ ಸೈಕ್ಸ್. ಯಾವುದೋ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಆ ಗತ್ತು ಇನ್ನೂ ಇಳಿದಿಲ್ಲ. ಇಬ್ಬರೂ ಬುಧವಾರ ಬೆಳಿಗ್ಗೆ ತಪ್ಪದೆ ಬಂದು, ತಪ್ಪದೆ ಜಗಳವಾಡಿ, ತಪ್ಪದೆ ಒಟ್ಟಿಗೆ ಬಸ್ಸು ಹತ್ತುತ್ತಾರೆ.

ಒಮ್ಮೆ ನಮ್ಮ ಮೇಲಧಿಕಾರಿಗೆ, ಬುಧವಾರದ ಗುಂಪಿಗೆ ನಾನೊಂದು ಸಣ್ಣ ಉಪನ್ಯಾಸ ಮಾಡಬೇಕೆಂಬ ಕೆಟ್ಟ ಯೋಚನೆ ಬಂತು. ನಾಲ್ಕು ಜನರ ಮುಂದೆ ನಿಂತು ಮಾತಾಡುವುದೆಂದರೆ ನನಗೆ ಹಲ್ಲು ಕೀಳಿಸಿಕೊಳ್ಳುವುದಕ್ಕಿಂತ ಕಷ್ಟ. ಆದ್ದರಿಂದ ನನ್ನ ಬಗ್ಗೆ ಒಂದಕ್ಷರವೂ ಬಾರದಂಥ ವಿಷಯ ಹುಡುಕಿದೆ: ಇಂಗ್ಲೆಂಡಿನ ಹಳ್ಳಗಳು ಮತ್ತು ಅವುಗಳ ದಂಡೆಯಲ್ಲಿ ವಾಸವಿದ್ದು ಅಡ್ಡಹೆಸರು ಪಡೆದ ಜನ.

ವಿಷಯ ನಿಜಕ್ಕೂ ಸೊಗಸಾಗಿದೆ. ಹಿಂದಿನ ಕಾಲದ ಇಂಗ್ಲಿಷ್ ಹಳ್ಳಿಯಲ್ಲಿ ಇದ್ದಬದ್ದ ಗಂಡಸರಿಗೆಲ್ಲ ಜಾನ್ ಎಂದೇ ಹೆಸರು. ಜಾನ್ ಎಂದು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತಿತ್ತು. ಕಂದಾಯ ವಸೂಲಿಗೆ ಬಂದವರಿಗೆ ತೊಂದರೆ. ಹೀಗಾಗಿ ತೊರೆಯ ಬಳಿಯ ಜಾನ್, ಸೇತುವೆಯ ಬಳಿಯ ಜಾನ್ ಎಂದು ಗುರುತು ಹಾಕಿದರು. ತೊರೆಯ ಬಳಿಯವನು ಬ್ರೂಕ್ ಆದ, ಸೇತುವೆಯವನು ಬ್ರಿಜಸ್ ಆದ, ಹೊಳೆ ದಾಟುವ ಕಡವಿನ ಹತ್ತಿರದವನು ಫೋರ್ಡ್ ಆದ. ನೀರು ಒಂದೇ ಆದರೂ ಸೀಮೆ ಬದಲಾದಂತೆ ಹೆಸರು ಬೇರೆ. ಉತ್ತರದ ಕಡೆ ಹಳ್ಳಕ್ಕೆ ಬೆಕ್ ಎಂದರು, ಇನ್ನೂ ಮೇಲೆ ಸ್ಕಾಟ್ಲೆಂಡಿನತ್ತ ಬರ್ನ್ ಎಂದರು, ದಕ್ಷಿಣದಲ್ಲಿ ಬೋರ್ನ್ ಎಂದರು. ಲೇಕ್ ಎಂಬ ಅಡ್ಡಹೆಸರಿನವರು ಸರೋವರದ ಒಡೆಯರಂತೆ ಎದೆಯುಬ್ಬಿಸುತ್ತಾರಲ್ಲ, ಅವರ ಲೇಕ್ ಕೂಡ ಎಷ್ಟೋ ಸಲ ಹಳೆಯ ಭಾಷೆಯಲ್ಲಿ ಸಣ್ಣ ಹಳ್ಳವೇ. ಇವರೆಲ್ಲರಲ್ಲಿ ನನಗೆ ಹೆಚ್ಚು ಆಪ್ತವಾದದ್ದು ವಿಂಟರ್‌ಬೋರ್ನ್. ಚಳಿಗಾಲದಲ್ಲಿ ಮಾತ್ರ ಹರಿದು, ಬೇಸಿಗೆಯಲ್ಲಿ ಬತ್ತಿಹೋಗುವ ತೊರೆಯಂತೆ. ಮಳೆ ಬಂದಾಗ ಎಮ್ಮೆ ಕೊಚ್ಚಿಕೊಂಡು ಹೋಗಿ, ಉಳಿದ ಕಾಲದಲ್ಲಿ ಹುಡುಗರಿಗೆ ಆಟದ ಬಯಲಾಗುವ ನಮ್ಮೂರ ಹಳ್ಳಕ್ಕೆ ಇಂಗ್ಲೆಂಡಿನಲ್ಲೂ ಒಬ್ಬ ಸೋದರಸಂಬಂಧಿ ಇದ್ದಾನೆಂದು ಓದಿದ ದಿನ, ಗ್ರಂಥಾಲಯದ ನಿಯಮ ಮರೆತು ಸ್ವಲ್ಪ ಗಟ್ಟಿಯಾಗಿ ನಕ್ಕಿದ್ದೆ.

ಇನ್ನೊಂದು ವಿಚಿತ್ರವನ್ನೂ ಗಮನಿಸಿದೆ. ಆಸ್ಟ್ರೇಲಿಯಾದ ಈ ಕಡೆ ಹಳ್ಳಕ್ಕೆ ಬ್ರೂಕ್ ಎಂದೋ ಬೆಕ್ ಎಂದೋ ಯಾರೂ ಅನ್ನುವುದಿಲ್ಲ, ಕಂಡದ್ದೆಲ್ಲ ಕ್ರೀಕ್. ಆ ಹಳೆಯ ಪದಗಳು ಹಡಗು ಹತ್ತಿ ಬಂದದ್ದು ನಿಜ, ಆದರೆ ನೀರಿಗಿಳಿಯಲಿಲ್ಲ. ಜನರ ಹೆಗಲ ಮೇಲೆ ಕೂತು ಬಂದವು, ಹೆಗಲ ಮೇಲೆಯೇ ಉಳಿದವು. ಅಡ್ಡಹೆಸರೆಂದರೆ ಇಷ್ಟೇ, ಟಪಾಲು ತಲುಪದ ಹಳೆಯ ವಿಳಾಸ. ಅದು ಆ ಜಾಗದಲ್ಲಿ ಬಂದು ನಿಂತವರದು, ರಕ್ತದ್ದಲ್ಲ. ಇಬ್ಬರು ಬ್ರೂಕ್ಸ್‌ಗಳು ನೆಂಟರಾಗಿರಬೇಕೆಂದೇನೂ ಇಲ್ಲ. ಹೀಗೆಂದು ನಾನು ಉಪನ್ಯಾಸದಲ್ಲಿ ಬಹಳ ಖಚಿತವಾಗಿ ಹೇಳಿದೆ. ಆ ಖಚಿತತೆ ನೆನಪಾದರೆ ಈಗ ನಾಚಿಕೆಯಾಗುತ್ತದೆ. ಕಾರಣ ಆಮೇಲೆ ಬರುತ್ತದೆ.

ಉಪನ್ಯಾಸ ಮುಗಿಯುವ ಮೊದಲೇ ಗದ್ದಲ ಶುರುವಾಯಿತು. ಸೈಕ್ ಎಂದರೆ ಯಾರ್ಕ್‌ಷೈರಿನ ಕಡೆ ಜೌಗು ನೆಲದ ಸಣ್ಣ ಹಳ್ಳ, ಹೆಚ್ಚುಕಡಿಮೆ ಚರಂಡಿಯಷ್ಟು, ಎಂದು ನಾನು ಹೇಳಿದ್ದೇ ತಡ, ಮಿಸ್ಟರ್ ಬ್ರೂಕ್ಸ್ ತೊಡೆ ತಟ್ಟಿಕೊಂಡು ನಕ್ಕರು.

"ಚರಂಡಿ! ಕೇಳಿಸಿತೇನೇ ಡಾರ್ಲಿಂಗ್? ಇಷ್ಟು ದಿನ ನನಗೆ ಬುದ್ಧಿ ಹೇಳಿದೆಯಲ್ಲ, ನೀನು ಚರಂಡಿ!"

"ಅದು ನನ್ನ ಗಂಡನ ಚರಂಡಿ," ಎಂದರು ಮಿಸೆಸ್ ಸೈಕ್ಸ್, ಒಂದು ಬಿಸ್ಕತ್ತನ್ನು ಎರಡಾಗಿ ಮುರಿಯುತ್ತ. "ನಾನು ಹುಟ್ಟಿದ್ದು ರಿವರ್ಸ್ ಮನೆತನದಲ್ಲಿ. ನದಿ! ಮದುವೆಯಾಗಿ ಚರಂಡಿಗೆ ಬಿದ್ದೆ. ಯಾರೂ ನನಗೆ ಮೊದಲೇ ಹೇಳಲಿಲ್ಲ."

ಎಲ್ಲರೂ ನಕ್ಕರು. ನಾನೂ ನಗಬೇಕಿತ್ತು. ಆದರೆ ಕೈಯಲ್ಲಿದ್ದ ಟಿಪ್ಪಣಿಯ ಹಾಳೆಗಳನ್ನು ಮತ್ತೆ ಮತ್ತೆ ಜೋಡಿಸಿದೆ. ಏಕೆಂದರೆ ಕೆಲವೇ ತಿಂಗಳಲ್ಲಿ ನನ್ನ ಮದುವೆಯಿತ್ತು. ಆ ವಿಷಯವನ್ನು ಗ್ರಂಥಾಲಯದಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ನಿನ್ನ ಹೆಸರಿನ ಅರ್ಥ ಏನು, ಲವ್?" ಎಂದು ಕೇಳಿದರು ಮಿಸ್ಟರ್ ಬ್ರೂಕ್ಸ್.

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. "ಹಳ್ಳದ ಬಳಿಯ ಮನೆ," ಎಂದೆ.

ಬ್ರೂಕ್ಸ್ ಎದ್ದು ಬಂದು, ನಲ್ಲಿ ತಿರುಗಿಸಿ ತಿರುಗಿಸಿ ಗಟ್ಟಿಯಾದ ಕೈಯಿಂದ ನನ್ನ ಕೈ ಕುಲುಕಿ, "ಹಾಗಾದರೆ ನೀನೂ ಬ್ರೂಕ್ಸೇ! ನಮ್ಮವಳು!" ಎಂದು ಘೋಷಿಸಿಬಿಟ್ಟರು. ಇಬ್ಬರು ಬ್ರೂಕ್ಸ್‌ಗಳು ನೆಂಟರಾಗಬೇಕಿಲ್ಲ ಎಂದು ನಾನು ಈಗಷ್ಟೇ ವಿವರಿಸಿದ್ದೆನಲ್ಲ, ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ಮರುವಾರ ನನಗೊಂದು ಕೇಕು ಬಂತು.

ಈಗ ನನ್ನ ಸಂಕಟ ಏನೆಂದು ಹೇಳಬೇಕು. ನನಗೆ ನನ್ನ ಅಡ್ಡಹೆಸರನ್ನು ಬಿಡಲು ಮನಸ್ಸಿರಲಿಲ್ಲ. ಅಷ್ಟೇ. ಇದು ದೊಡ್ಡ ಸಿದ್ಧಾಂತವೇನಲ್ಲ. ದೂರದ ಊರಿನಲ್ಲಿ, ಪ್ರತಿಯೊಬ್ಬರೂ ನನ್ನನ್ನು ಎಲ್ಲಿಂದ ಬಂದೆ ಎಂದು ಕೇಳುವಾಗ, ಉತ್ತರವನ್ನು ಹೆಸರಿನಲ್ಲೇ ಹೊತ್ತುಕೊಂಡು ತಿರುಗುವುದು ಒಂದು ಸಮಾಧಾನ. ಆದರೆ ನಮ್ಮ ಕಡೆ ಮದುವೆಯಾದ ಹೆಣ್ಣಿನ ಅಡ್ಡಹೆಸರು ಬದಲಾಗಬೇಕು. ನನ್ನ ಗೆಳತಿಯೊಬ್ಬಳು ಬಾವಿಮನಿ ಇದ್ದವಳು ಮದುವೆಯಾಗಿ ಗುಡ್ಡದ ಆದಳು. ಒಂದೇ ಹಿಡಿ ಅಕ್ಷತೆಯ ಅಕ್ಕಿಕಾಳಿಗೆ ಅಷ್ಟು ಎತ್ತರ ಏರಿದವರು ನಮ್ಮ ತಾಲೂಕಿನಲ್ಲಿ ಬೇರೆ ಇಲ್ಲ. ಅವಳಿಗಾದರೂ ಗುಡ್ಡ ಸಿಕ್ಕಿತು. ನನಗೆ ಏನೂ ಸಿಗುವಂತಿರಲಿಲ್ಲ, ಏಕೆಂದರೆ ನಾನು ಮದುವೆಯಾಗಲಿದ್ದವರಿಗೆ ಅಡ್ಡಹೆಸರೇ ಇರಲಿಲ್ಲ.

ಅವರು ಸುಹಾಸ್, ತಿಪಟೂರಿನವರು. ಮೆಲ್ಬರ್ನಿನ ಬಾಕ್ಸ್ ಹಿಲ್ಲಿನಲ್ಲಿ ಕಂಪ್ಯೂಟರ್ ಕೆಲಸ. ನಾವು ಹೇಗೆ ಪರಿಚಯವಾದೆವು ಎಂಬುದು ಹಳ್ಳಗಳಿಗೆ ಸಂಬಂಧಿಸಿದ್ದಲ್ಲ. ಮೈಸೂರು ಸೀಮೆಯವರಿಗೆ ಹೆಸರಿನ ಮುಂದೆ ಎರಡು ಇನಿಷಿಯಲ್, ಹಿಂದೆ ಶೂನ್ಯ. ಊರಿನಲ್ಲಿ ಟಿ.ಎನ್. ಸುಹಾಸ್ ಎಂದರೆ ಎಲ್ಲರಿಗೂ ಸಾಕು. ಆದರೆ ಪಾಸ್‌ಪೋರ್ಟ್ ಮಾಡಿಸುವಾಗ ಏಜೆಂಟನೊಬ್ಬ ಇನಿಷಿಯಲ್ ನಡೆಯುವುದಿಲ್ಲವೆಂದು ಅವುಗಳನ್ನು ಉದ್ದಕ್ಕೆ ಬಿಡಿಸಿ, ಊರಿನ ಹೆಸರನ್ನು ಮೊದಲ ಹೆಸರಿನ ಜಾಗದಲ್ಲೂ, ಅಪ್ಪನ ಹೆಸರನ್ನು ನಡುವೆಯೂ, ಪಾಪದ ಸುಹಾಸನನ್ನು ಅಡ್ಡಹೆಸರಿನ ಜಾಗದಲ್ಲೂ ಕೂರಿಸಿದ. ತಿಪಟೂರು ನಂಜುಂಡಯ್ಯ ಸುಹಾಸ್ ಎಂಬ ಈ ವ್ಯಕ್ತಿ ಮೆಲ್ಬರ್ನಿನ ಆಫೀಸಿಗೆ ಕಾಲಿಟ್ಟ ದಿನ, ಬಾಸ್ ಪ್ರೀತಿಯಿಂದ ಬೆನ್ನು ತಟ್ಟಿ, "ವೆಲ್‌ಕಮ್, ತಿಪಟೂರ್!" ಎಂದರಂತೆ. ಆಸ್ಟ್ರೇಲಿಯನ್ನರು ಯಾವ ಹೆಸರನ್ನೂ ಇಡಿಯಾಗಿ ನುಂಗುವವರಲ್ಲ. ಮುರಿದು, ಕೊನೆಗೊಂದು ಓಕಾರ ಹಚ್ಚಿ ತಿನ್ನುತ್ತಾರೆ. ಮಧ್ಯಾಹ್ನದ ಊಟದ ಹೊತ್ತಿಗೆ ಸುಹಾಸ್ ತಿಪ್ಪೋ ಆಗಿದ್ದರು. ನನ್ನ ಹೆಸರು ಅದಲ್ಲ ಎಂದು ಅವರು ಹಲವು ಸಲ ತಿಳಿಸಿ ಹೇಳಿದ್ದಾರೆ. "ನೋ ವರೀಸ್, ತಿಪ್ಪೋ" ಎಂದು ಉತ್ತರ ಬಂದಿದೆ.

ಹೀಗೆ, ಮದುವೆಯ ನಂತರ ನಾನು ಸುಹಾಸ್ ಆಗಬೇಕಿತ್ತು. ಸುಹಾಸರ ಹೆಂಡತಿ ಸುಹಾಸ್. ಗುಡ್ಡವೂ ಇಲ್ಲ, ಬಾವಿಯೂ ಇಲ್ಲ, ಬರೀ ಒಬ್ಬ ಮನುಷ್ಯ. ಅವರ ತಾಯಿ ಸರೋಜಮ್ಮನವರು ತಿಪಟೂರಿನಿಂದ ಫೋನಿನಲ್ಲಿ, "ಇನ್ಮೇಲೆ ನೀನು ಮಿಸೆಸ್ ಸುಹಾಸ್ ಕಣಮ್ಮ, ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ?" ಎಂದು ಸಂಭ್ರಮಪಟ್ಟರು. ನಾನು "ಹೂಂ" ಎಂದೆ. ನನ್ನಲ್ಲಿ ಎರಡು ಬಗೆಯ ಹೂಂಗಳಿವೆ. ಒಂದು ಒಪ್ಪಿಗೆಗೆ, ಇನ್ನೊಂದು ಒಪ್ಪದಿದ್ದಾಗ. ಎರಡರ ನಡುವಿನ ವ್ಯತ್ಯಾಸ ಈ ಭೂಮಿಯ ಮೇಲೆ ನನಗೊಬ್ಬಳಿಗೇ ಗೊತ್ತು, ಅದೇ ನನ್ನ ಎಲ್ಲ ತೊಂದರೆಗಳ ಮೂಲ.

ಒಂದು ಶನಿವಾರ ಸುಹಾಸ್ ಸಿಡ್ನಿಗೆ ಬಂದರು. ಹ್ಯಾರಿಸ್ ಪಾರ್ಕಿನಲ್ಲಿ ದೋಸೆ ತಿಂದು, ಹತ್ತಿರದ ಕ್ರೀಕಿನ ಪಕ್ಕ ನಡೆದೆವು. ಕ್ರೀಕ್ ಎಂದರೆ ಅದೊಂದು ಸಿಮೆಂಟಿನ ಕಾಲುವೆ. ಬರದ ವರ್ಷಗಳವು, ಪೈಪು ಹಿಡಿದು ಹುಲ್ಲಿಗೆ ನೀರು ಹಾಕುವಂತಿಲ್ಲ ಎಂದು ಊರಿಗೆಲ್ಲ ಕಟ್ಟಪ್ಪಣೆ. ಕಾಲುವೆಯ ತಳದಲ್ಲಿ ನೀರಿನ ಬದಲು ಸೂಪರ್‌ಮಾರ್ಕೆಟ್ಟಿನ ಒಂದು ತಳ್ಳುಗಾಡಿ ಮಗುಚಿಕೊಂಡು ಬಿದ್ದಿತ್ತು. ನಾನು ಬ್ರೂಕ್ಸ್, ಸೈಕ್ಸ್ ಜಗಳದ ಕಥೆ ಹೇಳಿದೆ. ಚರಂಡಿಗೆ ಬಿದ್ದ ನದಿಯ ಕಥೆಯನ್ನೂ ಹೇಳಿದೆ, ಬೇರೆ ಯಾರದೋ ವಿಷಯ ಎಂಬಂತೆ. ಅವರು ನಿಂತು, ಬಗ್ಗಿ ಆ ತಳ್ಳುಗಾಡಿಯನ್ನು ನೋಡಿದರು.

"ನಿನ್ನ ಸರ್‌ನೇಮ್ ನಾನೇ ತಗೊಂಡ್ರೆ ಹೇಗೆ?"

"ತಗೊಂಡು ಏನ್ ಮಾಡ್ತೀರಿ?" ಎಂದೆ. ಗಾಬರಿಯಾದಾಗ ನಾನು ಇಂಥ ಪ್ರಶ್ನೆಗಳನ್ನು ಕೇಳುತ್ತೇನೆ.

"ಇಟ್ಕೋತೀನಿ. ನನ್ ಹತ್ರ ಒಂದೂ ಇಲ್ವಲ್ಲ. ನಿಂದು ಸಾಕಷ್ಟು ಉದ್ದ ಇದೆ, ಇಬ್ಬರಿಗೂ ಆಗುತ್ತೆ."

ಚಳಿಗೆ ಹೊದ್ದುಕೊಳ್ಳುವ ಕಂಬಳಿಯ ಬಗ್ಗೆ ಹೇಳಿದಂತಿತ್ತು. "ಮಂದಿ ಏನಂದಾರು?" ಎಂದೆ.

"ಮಂದಿ ಈಗ ನನ್ನನ್ನ ತಿಪ್ಪೋ ಅಂತಿದಾರೆ. ಇದಕ್ಕಿಂತ ಇನ್ನೇನು ಅಂದಾರು?"

ಇದಕ್ಕೆ ಉತ್ತರ ತಿಪಟೂರಿನಲ್ಲಿ ಇರುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಭಾನುವಾರ. ಮದುವೆಯ ಮಾತುಕತೆಗೆಂದು ನನ್ನ ಅಪ್ಪ ನವಲಗುಂದದಿಂದ ತಿಪಟೂರಿಗೆ ಹೋಗಿದ್ದರು. ಬೀಗರ ಮನೆಯ ಸೋಫಾದ ತುದಿಯಲ್ಲಿ ಕೂತು ಮೂರನೆಯ ಲೋಟ ಕಾಫಿ ಕುಡಿಯುತ್ತಿದ್ದರೆಂದು ಆಮೇಲೆ ತಿಳಿಯಿತು. ನಾವು ಅಂಗಡಿಯಿಂದ ಒಂದು ಫೋನ್ ಕಾರ್ಡ್ ತಂದು, ನನ್ನ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟು, ಸ್ಪೀಕರ್ ಹಾಕಿ ಕರೆ ಮಾಡಿದೆವು. ಅವರೂ ಅಲ್ಲಿ ಸ್ಪೀಕರ್ ಹಾಕಿದರು. ಸುಹಾಸ್ ವಿಷಯ ಹೇಳಿದರು.

"ಅಮ್ಮಾ? ಲೈನ್ ಕಟ್ ಆಯ್ತಾ?"

"ಲೈನ್ ನೆಟ್ಟಗಿದೆ ಕಣೋ. ನನ್ನ ತಲೆ ಕೆಟ್ಟಿದೆ," ಎಂದರು ಸರೋಜಮ್ಮ. "ಇನ್ನೊಂದ್ಸಲ ಹೇಳು, ಬೀಗರೂ ಕೇಳಿಸ್ಕೊಳ್ಲಿ. ಹೆಂಡತಿ ಮನೆ ಹೆಸರು ಇಟ್ಕೋತೀಯಾ? ಮನೆ ಅಳಿಯ ಆಗ್ತೀಯಾ? ನಿನ್ನ ಆಸ್ಟ್ರೇಲಿಯಾಕ್ಕೆ ಕಳಿಸಿದ್ದು ಕೆಲಸ ಮಾಡೋಕೆ, ಮನೆ ಅಳಿಯ ಆಗೋಕಲ್ಲ!"

"ಮನೆ ಅಳಿಯ ಅಲ್ಲಮ್ಮ, ಬರೀ ಹೆಸರು."

"ಹೆಸರಲ್ಲೇ ಮನೆ ಇದೆಯಲ್ಲೋ! ಅದರೊಳಗೆ ಹೋಗಿ ಕೂತವನನ್ನ ಮತ್ತೇನಂತಾರೆ? ಅದೂ ಹೋಗಿ ಹೋಗಿ ಹಳ್ಳದಲ್ಲಿ!"

ಮನೆ ಅಳಿಯನ ಬಗ್ಗೆ ನಮ್ಮ ಭಾಷೆಯಲ್ಲಿ ಒಂದು ಒಳ್ಳೆಯ ಮಾತನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಮಾವನ ಮನೆಯಲ್ಲಿ ಕೂತು ಉಣ್ಣುವವನಿಗೆ ಮಾಳಿಗೆಯ ಬೆಕ್ಕಿಗಿರುವಷ್ಟು ಮರ್ಯಾದೆಯೂ ಇಲ್ಲ. ಸಿಡ್ನಿಯಲ್ಲಿ ಕೂತು ಇಂಗ್ಲಿಷ್ ಹಳ್ಳಗಳ ಬಗ್ಗೆ ಪಾಂಡಿತ್ಯ ತೋರಿಸುತ್ತಿದ್ದ ನನಗೆ ಈ ಒಂದು ಅಡ್ಡಿ ಹೊಳೆದೇ ಇರಲಿಲ್ಲ. ಸುಹಾಸ್ ನನ್ನತ್ತ ನೋಡಿದರು. ಅದು ಬಹಳ ಸರಳವಾದ ನೋಟ: ನಾನು ಹೇಳುವುದನ್ನು ಹೇಳಿದ್ದೇನೆ, ಉಳಿದದ್ದು ನಿನ್ನದು. ಮೇಜಿನ ಮೇಲಿನ ಫೋನು ಕಪ್ಪೆಯಂತೆ ಕೂತಿತ್ತು. ನನ್ನ ಎರಡನೆಯ ಬಗೆಯ ಹೂಂ ಗಂಟಲಿನವರೆಗೆ ಬಂದಿತ್ತು. ಅದನ್ನು ನುಂಗಿದೆ.

"ಅತ್ತಿ, ಅವ್ರು ನನ್ನ ಸಲುವಾಗಿ ಅಂದಾರ್ರಿ," ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. "ನನಗ ನನ್ನ ಹೆಸರು ಬಿಡಾಕ ಮನಸ್ಸಿಲ್ರಿ. ಅವ್ರಿಗೆ ಬ್ಯಾಡಾದ್ರ ಬಿಡ್ರಿ. ನಂದು ನನಗಿರಲಿ."

ನನ್ನ ಬಾಯಿಂದ ಹಿರಿಯರ ಮುಂದೆ ಇಷ್ಟು ಉದ್ದದ ಮಾತು ಅದುವರೆಗೆ ಬಂದಿರಲಿಲ್ಲ. ಆ ಕಡೆ ಅಪ್ಪನ ಕೆಮ್ಮು ಕೇಳಿಸಿತು. ಬೀಗರ ಮುಂದೆ ಮರ್ಯಾದೆ ಕಳೆದಳೆಂದು ಬೈಯುತ್ತಾರೆ ಎಂದುಕೊಂಡೆ. ಅಪ್ಪ ಲೋಟ ಕೆಳಗಿಟ್ಟ ಸದ್ದು ಬಂತು.

"ಅಕ್ಕಾರ, ಒಂದ್ ಮಾತ್ ಹೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಈ ಹೆಸರಿಗೆ ಇಷ್ಟ್ಯಾಕ ಜಗಳಾಡ್ತೀರಿ? ಇದು ಮೂಲದಾಗ ನಮ್ದೂ ಅಲ್ರಿ."

"ಹಾಗಂದ್ರೆ?" ಎಂದರು ಸರೋಜಮ್ಮ.

"ನಮ್ಮ ಮುತ್ತಜ್ಜ ರೋಣದ ಕಡಿಯಾವ್ರಿ. ಅಲ್ಲೆ ಅವಂದು ಬ್ಯಾರೆ ಅಡ್ಡಹೆಸರಿತ್ತು, ಅದು ಏನಂತ ನಮ್ಮಪ್ಪಗೂ ನೆನಪಿರಲಿಲ್ಲ. ಹಳ್ಳದ ದಂಡಿ ಮ್ಯಾಲಿನ ಮನಿ ನಮ್ಮ ಮುತ್ತಜ್ಜಿದು. ಗಂಡಮಕ್ಕಳಿದ್ದಿಲ್ಲ ಆ ಮನ್ಯಾಗ. ಇಂವ ಮದಿವ್ಯಾಗಿ ಬಂದು ಅಲ್ಲೇ ಉಳದ. ಮಂದಿ ಇವನ್ನೂ ಹಳ್ಳದಮನಿ ಅಂದ್ರು. ಇಂವ ಓ ಅಂದ."

ಸರೋಜಮ್ಮನವರ ದನಿಯಲ್ಲಿ, ನಾನು ಹಿಂದೆಂದೂ ಕೇಳಿರದಷ್ಟು ಆನಂದ.

"ಅಂದ್ರೆ ನೀವೇ ಮನೆ ಅಳಿಯನ ವಂಶದವರು ಅನ್ನಿ!"

"ಹೌದ್ರಿ."

"ಮೊದಲೇ ಹೇಳಬಾರದಿತ್ತಾ ಬೀಗರೇ?"

"ಮದಿವಿ ಮಾತುಕತಿ ಒಳಗ ಇಂಥಾದ್ದು ಯಾರರೆ ಹೇಳ್ತಾರೇನ್ರಿ ಅಕ್ಕಾರ?"

ಆ ಕಡೆ ಯಾರೋ ಪಕಪಕನೆ ನಕ್ಕರು, ಸರೋಜಮ್ಮನವರೇ ಇರಬೇಕು. "ಹೋಗಲಿ, ಆ ಹಳ್ಳದಲ್ಲಿ ನೀರಾದ್ರೂ ಇದೆಯಾ?" ಎಂದು ಕೇಳಿದರು. ಅಪ್ಪ, "ಮಳಿ ಆದ್ರ..." ಎನ್ನುವಷ್ಟರಲ್ಲಿ ಫೋನ್ ಕಾರ್ಡಿನ ಹೆಂಗಸು ನಡುವೆ ಬಾಯಿ ಹಾಕಿ ನಿಮ್ಮ ಸಮಯ ಮುಗಿಯಿತೆಂದು ಹೇಳಿ ಎರಡೂ ಕಡೆಯವರನ್ನು ಬೇರ್ಪಡಿಸಿದಳು.

ನಾನು ಬಹಳ ಹೊತ್ತು ಅಲ್ಲೇ ಕೂತಿದ್ದೆ. ಅಡ್ಡಹೆಸರು ರಕ್ತದ್ದಲ್ಲ, ಜಾಗದ್ದು ಎಂದು ಬುಧವಾರದ ಗುಂಪಿಗೆ ಅಷ್ಟು ಖಚಿತವಾಗಿ ಪಾಠ ಹೇಳಿದವಳು ನಾನು. ಆದರೆ ಆ ನಿಯಮ ಇಂಗ್ಲೆಂಡಿಗೆ ಮಾತ್ರ ಅನ್ವಯಿಸುತ್ತದೆ, ನನ್ನ ಹೆಸರು ಮಾತ್ರ ಗಂಡಿನಿಂದ ಗಂಡಿಗೆ ಎಡವದೆ ಹರಿದುಬಂದದ್ದು ಎಂದು ಒಳಗೊಳಗೇ ನಂಬಿದ್ದೆ. ಈಗ ನೋಡಿದರೆ, ನಾನು ಬಿಡಲಾರೆನೆಂದು ಹಟ ಹಿಡಿದ ಹೆಸರನ್ನು ನಮ್ಮ ಮನೆಗೆ ತಂದವಳು ಒಬ್ಬ ಹೆಂಗಸು. ಅದನ್ನು ತೊಟ್ಟವನು ಅವಳ ಹಿಂದೆ ಬಂದ ಒಬ್ಬ ಗಂಡಸು. ನಾವು ಹೊಸದೇನನ್ನೂ ಮಾಡುತ್ತಿರಲಿಲ್ಲ. ಮನೆಯ ಪದ್ಧತಿಯನ್ನು ಪಾಲಿಸುತ್ತಿದ್ದೆವು.

ಸರೋಜಮ್ಮನವರ ತೀರ್ಪು ಮುಂದಿನ ವಾರ ಬಂತು. ಆಫೀಸಿನಲ್ಲಿ, ಬ್ಯಾಂಕಿನಲ್ಲಿ ಏನು ಬೇಕಾದರೂ ಬರೆದುಕೊಳ್ಳಲಿ. ಮದುವೆ ಕಾರ್ಡಿನಲ್ಲಿ ಮಾತ್ರ ಟಿ.ಎನ್. ಸುಹಾಸ್ ಎಂದೇ ಇರಬೇಕು. ತಮ್ಮ ತುಮಕೂರಿನ ನಾದಿನಿಗೆ ಈ ಜನ್ಮದಲ್ಲಿ ವಿಷಯ ತಿಳಿಯಕೂಡದು. ನಾವು ಮೂರಕ್ಕೂ ಒಪ್ಪಿದೆವು. ಮದುವೆಯಾಯಿತು. ಸುಹಾಸ್ ಮೆಲ್ಬರ್ನಿನ ಆಫೀಸಿಗೆ ಹೋಗಿ, ಇನ್ನು ಮುಂದೆ ತಮ್ಮ ಹೆಸರು ಸುಹಾಸ್ ಹಳ್ಳದಮನಿ ಎಂದು ಎಲ್ಲರಿಗೂ ತಿಳಿಸಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿ, "ಒಳ್ಳೆಯದಾಗಲಿ ತಿಪ್ಪೋ" ಎಂದರು. ಕೆಲವು ತಿಂಗಳಿಗೆ ಅವರಿಗೆ ಸಿಡ್ನಿಯಲ್ಲೇ ಕೆಲಸ ಸಿಕ್ಕಿತು. ಎರಡು ಸೂಟ್‌ಕೇಸು ಮತ್ತು ಒಂದು ಕುಕ್ಕರ್ ಹಿಡಿದುಕೊಂಡು ನನ್ನ ಬಾಡಿಗೆ ಮನೆಗೆ ಬಂದು ನೆಲೆಸಿದರು. ಬಾಡಿಗೆ ಕರಾರು ನನ್ನೊಬ್ಬಳ ಹೆಸರಿನಲ್ಲಿರುವ ಸಂಗತಿಯನ್ನು ನಾವು ತಿಪಟೂರಿಗೆ ಹೇಳಿಲ್ಲ. ಎಲ್ಲ ಸತ್ಯಗಳನ್ನೂ ಒಂದೇ ವರ್ಷದಲ್ಲಿ ಹೇಳಿ ಮುಗಿಸಬಾರದು.

ಮಾರನೆಯ ವರ್ಷ ಸರೋಜಮ್ಮನವರು ಸಿಡ್ನಿಗೆ ಬಂದರು. ಮೊದಲ ವಾರ ನನ್ನ ಡಬ್ಬಿಗಳನ್ನೆಲ್ಲ ಬೇರೆ ಬೇರೆ ಜಾಗಕ್ಕೆ ಇಟ್ಟರು, ಎರಡನೆಯ ವಾರ ಅವರಿಗೆ ಬೇಸರವಾಯಿತು, ಬುಧವಾರ ನನ್ನ ಜತೆ ಗ್ರಂಥಾಲಯಕ್ಕೆ ಹೊರಟರು. ರೇಷ್ಮೆ ಸೀರೆ, ಮೇಲೊಂದು ಸ್ವೆಟರು, ಕಾಲಿಗೆ ಮಗನ ಸಾಕ್ಸು. ಮೆಟ್ಟಿಲು ಹತ್ತಿ ಬರುತ್ತಿದ್ದವರನ್ನು ಕಂಡು ಮಿಸೆಸ್ ಸೈಕ್ಸ್ ಕುರ್ಚಿ ಎಳೆದು ಕೊಟ್ಟರು. ನನ್ನ ಗಂಡನ ಹೆಸರು ಹಳ್ಳದಮನಿ ಎಂದ ಮೇಲೆ ಗಂಡನ ತಾಯಿಯೂ ಹಳ್ಳದಮನಿಯೇ ಅಲ್ಲವೇ? ಅವರ ತರ್ಕದಲ್ಲಿ ದೋಷವಿರಲಿಲ್ಲ.

"ಎಲ್ಲರೂ ಕೇಳಿ," ಎಂದರು ಹೆಡ್‌ಮಿಸ್ಟ್ರೆಸ್ ದನಿಯಲ್ಲಿ. "ಇವರು ಹಿರಿಯ ಮಿಸೆಸ್ ಹಳ್ಳದಮನಿ. ಇಂಡಿಯಾದಿಂದ ಬಂದಿದ್ದಾರೆ."

ನಾನು ಏನಾದರೂ ಹೇಳಲೇಬೇಕಿತ್ತು, ಅಲ್ಲ, ಇವರ ಹೆಸರು ಸರೋಜಮ್ಮ, ಇವರಿಗೆ ಅಡ್ಡಹೆಸರಿಲ್ಲ ಎಂದು. ಅಷ್ಟರಲ್ಲಿ ಮಿಸ್ಟರ್ ಬ್ರೂಕ್ಸ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಬಹಳ ಆಸೆಯಿಂದ, "ನಿಮ್ಮ ಹಳ್ಳದ ಬಗ್ಗೆ ಹೇಳಿ," ಎಂದು ಕೇಳಿಬಿಟ್ಟರು.

ಸರೋಜಮ್ಮ ಇಡೀ ಗುಂಪನ್ನು ಒಮ್ಮೆ ನೋಡಿದರು. ತಿಪಟೂರಿನ ಮಹಿಳಾ ಸಮಾಜದಲ್ಲೂ ಅವರಿಗೆ ಇಷ್ಟು ಜನ ಬಾಯಿ ತೆರೆದುಕೊಂಡು ಕೂತ ಸಭೆ ಸಿಕ್ಕಿರಲಿಕ್ಕಿಲ್ಲ. ಸೆರಗನ್ನು ಸ್ವೆಟರಿನ ಒಳಗಿಂದ ಬಿಡಿಸಿ ಸರಿಮಾಡಿಕೊಂಡರು.

"ಅವರ್ ಹಳ್ಳ?" ಎಂದರು. "ವೆರಿ ಬಿಗ್. ಫುಲ್ ಇಯರ್ ವಾಟರ್. ಬೋತ್ ಸೈಡ್ ಕೊಕೊನಟ್ ಟ್ರೀ."

ನವಲಗುಂದದ ಎರೆಭೂಮಿಯಲ್ಲಿ, ವರ್ಷಕ್ಕೆರಡು ತಿಂಗಳು ಹರಿಯುವ ನಮ್ಮ ಹಳ್ಳದ ದಂಡೆಯಲ್ಲಿ ಇರುವುದು ನಾಲ್ಕು ಜಾಲಿ ಮರ. ಸರೋಜಮ್ಮ ಅದನ್ನು ಕಣ್ಣಿಂದ ಕಂಡವರಲ್ಲ. ಆದರೆ ಅವರು ಹೇಳುತ್ತ ಹೋದಂತೆ ತಿಪಟೂರಿನ ತೆಂಗಿನ ತೋಟಗಳು ಒಂದೊಂದಾಗಿ ಎದ್ದು ಬಂದು ಎರಡೂ ದಂಡೆಯಲ್ಲಿ ಸಾಲಾಗಿ ನಿಂತವು, ಮೀನು ನೆಗೆದವು, ಒಂದು ದೋಣಿಯೂ ಬಂತು. ಮಿಸ್ಟರ್ ಬ್ರೂಕ್ಸ್ ಸೋಲುವವರಲ್ಲ. ತಮ್ಮ ಪೂರ್ವಿಕರ ಬ್ರೂಕಿನಲ್ಲಿ ನೀರುಗಿರಣಿ ತಿರುಗುತ್ತಿತ್ತೆಂದರು. ಮಿಸೆಸ್ ಸೈಕ್ಸ್ ತಮ್ಮ ಚರಂಡಿಯಲ್ಲಿ ಬಾತುಕೋಳಿಗಳಿದ್ದವೆಂದರು. ಅವರಿಬ್ಬರೂ ಆಸ್ಟ್ರೇಲಿಯಾ ಬಿಟ್ಟು ಹೊರಗೆ ಹೋದವರೇ ಅಲ್ಲ. ಆ ಕೋಣೆಯಲ್ಲಿ ತನ್ನ ಹಳ್ಳವನ್ನು ನಿಜವಾಗಿ ಕಂಡವಳು ನಾನೊಬ್ಬಳೇ. ಆದ್ದರಿಂದ ಹೇಳಿಕೊಳ್ಳುವಂಥದ್ದು ನನ್ನ ಬಳಿ ಏನೂ ಇರಲಿಲ್ಲ. ಸುಮ್ಮನೆ ಎದ್ದು ಎಲ್ಲರಿಗೂ ಚಹಾ ಬಗ್ಗಿಸಿದೆ.